ಮೊದಲು ಆನೆ ಹೋಯಿತು

(ಗುರುತು ಸಿಗದಂತೆ ಊರು, ತರಗತಿ, ಮನೆಯವರ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ತಾಯಿ ಒಪ್ಪಿದ್ದಾರೆ. ಹುಡುಗನನ್ನು ಕೇಳಿದಾಗ "ನಾಯಿಯ ಹೆಸರನ್ನೂ ಬದಲಿಸಿ" ಎಂದ. ಹಾಗಾಗಿ ಇಲ್ಲಿ ನಾಯಿಗೆ ಹೆಸರೇ ಇಲ್ಲ.)

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್ (ತೋಟದ ಲೆಕ್ಕ ಬರೆಯುವವರು) ಮಗ ಎಂದಿಟ್ಟುಕೊಳ್ಳಿ. ಐದನೆಯ ತರಗತಿ. ಮಕ್ಕಳ ಕಲಿಕೆಯ ತೊಡಕುಗಳನ್ನು ನೋಡುವ ಚಿಕ್ಕಮಗಳೂರಿನ ನನ್ನ ಕೋಣೆಗೆ ತಾಯಿ ಅವನನ್ನು ಕರೆತಂದಾಗ ಕೈಯಲ್ಲಿ ಕನ್ನಡದ ನೋಟ್‌ಬುಕ್ ಇತ್ತು. ಕುಳಿತುಕೊಳ್ಳುವ ಮೊದಲೇ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. 'ನಾನು ಕಂಡ ಒಂದು ಘಟನೆ' ಎಂಬ ಬರಹ. ತರಗತಿಯ ಗೋಡೆಯ ಮೇಲೆ ಬರೆದು ಹಾಕಿರುವ ನಾಲ್ಕು ಪದಗಳನ್ನು ಬಳಸಬೇಕೆಂಬುದು ಶಿಕ್ಷಕಿಯ ಸೂಚನೆ. ಹುಡುಗ ಬಳಸಿದ್ದ:

"ಮೊದಲು ಆನೆ ಹೋಯಿತು. ನಂತರ ಉಣುಗೋಲು ಮುರಿದಿತ್ತು. ತದನಂತರ ಅಪ್ಪ ಪಟಾಕಿ ಹೊಡೆದರು. ಕೊನೆಗೆ ನಾಯಿ ಬೊಗಳಿತು."

(ಉಣುಗೋಲು ಎಂದರೆ ಗಳಗಳನ್ನು ಅಡ್ಡಲಾಗಿ ಹಾಕಿದ ಬೇಲಿಬಾಗಿಲು.) ಕೆಳಗೆ ಕೆಂಪು ಶಾಯಿಯಲ್ಲಿ: "ಕ್ರಮವಿಲ್ಲ. 10ಕ್ಕೆ 3."

"ಮೇಡಂ, ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇವನಿಗೆ ತಿಳಿಯುವುದಿಲ್ಲವಲ್ಲ" ಎಂದರು ತಾಯಿ. ಅಕ್ಕಪಕ್ಕದವರು ಯಾರೋ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಮಾಡಿಸಲು ಹೇಳಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಸ್ಥಾನವಿದೆ, ನಿಜವಾಗಿ ಬೇಕಾದ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ನಾಲ್ಕು ವಾಕ್ಯ ನೋಡಿ ಆ ದಾರಿ ಹಿಡಿಯುವುದು ನನಗೆ ಒಗ್ಗದು.

ನೋಟ್‌ಬುಕ್ ಮುಚ್ಚಿಟ್ಟು, ಮನೆಯಲ್ಲಿ ಕಡುಬು ಹೇಗೆ ಮಾಡುತ್ತಾರೆ ಎಂದು ಹುಡುಗನನ್ನು ಕೇಳಿದೆ. "ನೀರು ಕುದಿಸಿ, ಅಕ್ಕಿ ತರಿ ಹಾಕಿ, ಗೊಟಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುತ್ತಾರೆ." ಉಪ್ಪು? "ನೀರಿಗೇ ಹಾಕಬೇಕು, ಉಂಡೆ ಕಟ್ಟಿದ ಮೇಲೆ ಹಾಕಲು ಆಗುತ್ತದೆಯೇ?" ನನ್ನ ದಡ್ಡತನಕ್ಕೆ ನಕ್ಕ. ಕಾಫಿ ಹೂವಾಗುವುದು ಯಾವಾಗ? "ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ." ಚಿತ್ರದ ಕಾರ್ಡುಗಳನ್ನು ಕೊಟ್ಟರೆ ಚಕಚಕನೆ ಜೋಡಿಸಿದ. ನಿನ್ನೆ, ಮೊನ್ನೆ, ನಾಳಿದ್ದು ಎಂಬುದರಲ್ಲೂ ಗೊಂದಲವಿರಲಿಲ್ಲ. ಇವುಗಳಲ್ಲಿ ತಡವರಿಸಿದ್ದರೆ, ಎರಡು ಮೂರು ಕೆಲಸ ಒಟ್ಟಿಗೆ ಹೇಳಿದಾಗ ಮರೆಯುತ್ತಿದ್ದರೆ, ಓದುವುದೂ ಕಷ್ಟವಾಗಿದ್ದರೆ ನಿಮ್ಹಾನ್ಸ್‌ಗೆ ಪತ್ರ ಬರೆದುಕೊಡುತ್ತಿದ್ದೆ. ಇಲ್ಲಿ ಅದರ ಅಗತ್ಯ ಕಾಣಲಿಲ್ಲ.

ಕಡುಬಿನ ವಿವರಣೆಯಲ್ಲಿ ಒಂದೇ ಒಂದು 'ನಂತರ' ಇಲ್ಲದಿರುವುದನ್ನು ಗಮನಿಸಿ. ಕುದಿಸಿ, ಹಾಕಿ, ಕಟ್ಟಿ: ನಮ್ಮ ಭಾಷೆಯಲ್ಲಿ ಕ್ರಮ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಒಂದು ಮುಗಿದು ಇನ್ನೊಂದು ಆಯಿತು ಎನ್ನಲು ಬೇರೆ ಪದವನ್ನು ಅಂಟಿಸಬೇಕಾಗಿಲ್ಲ. ಹೀಗೆ ಮಾತನಾಡುವ ಮಗುವಿಗೆ ನಾಲ್ಕು ಪದ ಕೊಟ್ಟು, ಪ್ರತಿ ವಾಕ್ಯದ ತಲೆಗೊಂದು ಟೋಪಿ ಹಾಕು ಎಂದರೆ ಅದು ಟೋಪಿಯನ್ನಷ್ಟೇ ಹಾಕುತ್ತದೆ.

ಇಷ್ಟಾದರೂ ಹುಡುಗನ ನಾಲ್ಕು ವಾಕ್ಯ ತಲೆಕೆಳಗಾದದ್ದೇಕೆ ಎಂಬುದು ಉಳಿಯಿತು. ಅವನನ್ನೇ ಕೇಳಿದೆ.

"ನನಗೆ ಎಚ್ಚರವಾದಾಗ ಅದು ಹೋಗಿಯಾಗಿತ್ತು, ಮಿಸ್. 'ಆನೆ ಹೋಯಿತು, ಮಲಗು' ಎಂದರು ಅಜ್ಜಿ. ಬೆಳಿಗ್ಗೆ ನೋಡಿದೆ, ಉಣುಗೋಲು ಮುರಿದಿತ್ತು. ಪಟಾಕಿ ಹೊಡೆದದ್ದನ್ನು ಅಪ್ಪ ತಿಂಡಿ ತಿನ್ನುವಾಗ ಹೇಳಿದರು."

ನನಗೆ ನಾಚಿಕೆಯಾಯಿತು, ಏಕೆಂದರೆ ಮೊದಲ ಓದಿನಲ್ಲಿ ನಾನೂ ಕೆಂಪು ಶಾಯಿಯ ಪಕ್ಷದಲ್ಲೇ ಇದ್ದೆ. ಅವನ ಬರಹದಲ್ಲಿ ಕ್ರಮವಿತ್ತು. ಆನೆ ನಡೆದ ಕ್ರಮವಲ್ಲ, ಅವನಿಗೆ ಗೊತ್ತಾದ ಕ್ರಮ. ಶೀರ್ಷಿಕೆ ಕೇಳಿದ್ದೂ 'ನಾನು ಕಂಡ' ಘಟನೆಯನ್ನೇ. 'ಮುರಿಯಿತು' ಎನ್ನದೆ 'ಮುರಿದಿತ್ತು' ಎಂದು ಬರೆದಿದ್ದಾನೆ ನೋಡಿ. ತಾನು ನೋಡುವ ಮೊದಲೇ ಆಗಿಹೋಗಿದ್ದ ಸಂಗತಿಗೆ ಅದೇ ಸರಿಯಾದ ರೂಪ.

ನಾಯಿ ಬೊಗಳಿದ್ದು ಕೊನೆಗೇಕೆ ಎಂದಾಗ ಮಾತ್ರ ಅವನು ತಾಯಿಯ ಕಡೆ ನೋಡಿದ.

"ಅದು ಬೊಗಳಿದ್ದು ನನಗೆ ಕೇಳಿತ್ತು. ಕನಸು ಎಂದುಕೊಂಡೆ."

ಆ ರಾತ್ರಿ ಹೋದ ನಾಯಿ ಎರಡು ದಿನ ಬರಲಿಲ್ಲ, ಮೂರನೆಯ ದಿನ ಕುಂಟುತ್ತಾ ಬಂತು. ತಾನು ಆಗಲೇ ಎದ್ದು ಅಪ್ಪನನ್ನು ಎಬ್ಬಿಸಿದ್ದರೆ ಅದರ ಕಾಲು ನೆಟ್ಟಗಿರುತ್ತಿತ್ತು ಎಂಬ ಲೆಕ್ಕವನ್ನು ಹುಡುಗ ಒಬ್ಬನೇ ಹಾಕಿಕೊಂಡು ಕೂತಿದ್ದ. ತಾಯಿಗೂ ಇದು ಹೊಸ ಸುದ್ದಿ. ಆ ದಿನ ಕಥೆ ಬರೆಯುವ ಮಾತು ಎತ್ತಲಿಲ್ಲ. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದು ಹೊರಗೆ ಹೋಗದಿದ್ದದ್ದು ಒಳ್ಳೆಯದೇ ಆಯಿತು, ರಾತ್ರಿ ಮನೆ ಕಾಯುವುದು ದೊಡ್ಡವರ ಕೆಲಸ, ಇನ್ನು ಮುಂದೆ ಸದ್ದು ಕೇಳಿದರೆ ಹಾಸಿಗೆಯಿಂದಲೇ ಕೂಗು ಎಂದೆ. ನಾಯಿಗೆ ಔಷಧಿ ಹಚ್ಚುವ ಕೆಲಸವನ್ನು ಅವನಿಗೇ ಕೊಡುವಂತೆ ತಾಯಿಗೆ ಹೇಳಿದೆ.

ಎರಡನೆಯ ಭೇಟಿಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿದೆವು. ಒಂದೊಂದು ಚೀಟಿಗೆ ಒಂದೊಂದು ಸಂಗತಿ. ನೆಲದ ಮೇಲೆ ಎರಡು ಸಾಲು: ಮೇಲಿನದು 'ಆದದ್ದು', ಕೆಳಗಿನದು 'ನನಗೆ ಗೊತ್ತಾದದ್ದು'. ಮೇಲಿನ ಸಾಲಿನಲ್ಲಿ ನಾಯಿಯದು ಮೊದಲ ಚೀಟಿ, ಕೆಳಗಿನ ಸಾಲಿನಲ್ಲಿ ಅದನ್ನು ಎಲ್ಲಿಡುವುದೆಂದು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ. ಚೀಟಿಗಳು ಕೂತ ಮೇಲೆ ನಡುವಿನ ಜಾಗಗಳಿಗೆ ಪದ ಹುಡುಕಿದೆವು. ಆನೆ ಮಾಡಿದ್ದಕ್ಕೆಲ್ಲ ಪದವೇ ಬೇಡವಾಯಿತು: ಉಣುಗೋಲು ಮುರಿದು, ಬಾಳೆ ತಿಂದು, ಕೆರೆ ಕಡೆ ಹೋಯಿತು. ಎರಡು ಸಂಗತಿಗಳು ಒಂದಕ್ಕೊಂದು ತಾಗುವ ಕಡೆ 'ಅಷ್ಟರಲ್ಲಿ' ಬೇಕಾಯಿತು, ಹಿಂದಕ್ಕೆ ಹೋಗುವಾಗ 'ಅದಕ್ಕೂ ಮುಂಚೆ', ರಾತ್ರಿ ಕಳೆಯಲು 'ಬೆಳಗಾದ ಮೇಲೆ'. 'ತದನಂತರ'ಕ್ಕೆ ಎಲ್ಲೂ ಜಾಗ ಸಿಗಲಿಲ್ಲ. ಹತ್ತು ವರ್ಷದ ಯಾವ ಮಗುವೂ ಆ ಪದವನ್ನು ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ.

ತಾಯಿಗೆ ಕೊಟ್ಟ ಸಲಹೆ ಚಿಕ್ಕದು. ಪದಗಳ ಪಟ್ಟಿಯನ್ನು ಉರು ಹೊಡೆಸಬೇಡಿ. ಶಾಲೆಯಿಂದ ಬಂದವನು ಏನಾದರೂ ಹೇಳುವಾಗ "ಮೊದಲಿಂದ ಸರಿಯಾಗಿ ಹೇಳು" ಎಂದು ತಡೆಯಬೇಡಿ. ಪೂರ್ತಿ ಕೇಳಿ, ಆಮೇಲೆ "ಅದು ನಿನಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿ. ಬರೆಯುವ ಮುನ್ನ ಅಜ್ಜಿಗೆ ಒಮ್ಮೆ ಬಾಯಲ್ಲಿ ಹೇಳಲಿ. ಎಲ್ಲಿ ಅಜ್ಜಿ "ಹಾಂ?" ಎನ್ನುತ್ತಾರೋ ಅಲ್ಲಿ ಒಂದು ಪದ ಬೇಕೆಂದು ಅರ್ಥ.

ತರೀಕೆರೆಯಲ್ಲಿ ಅವರಿಗೆ ನೆಂಟರಿದ್ದಾರೆ. ಹಾಗಾಗಿ ಹತ್ತಿರದ ಅಮೃತಾಪುರಕ್ಕೂ ಹೋಗಿಬನ್ನಿ ಎಂದೆ. ಅಲ್ಲಿನ ಅಮೃತೇಶ್ವರ ದೇವಾಲಯ 1196ರದು. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ, ಮಹಾಭಾರತ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ದಕ್ಷಿಣದ ಗೋಡೆಯ ಎಪ್ಪತ್ತು ಫಲಕಗಳಲ್ಲಿರುವ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ನಡೆಯುತ್ತದೆ. ವಾಡಿಕೆಯಂತೆ ಸುತ್ತು ಬರುವವರಿಗೆ ಕಥೆಯ ಕೊನೆ ಮೊದಲು ಎದುರಾಗುತ್ತದೆ. ಹೊಯ್ಸಳರ ಶಿಲ್ಪಿಗೆ 10ಕ್ಕೆ ಎಷ್ಟು ಎಂದು ಹುಡುಗನೇ ಕೇಳಿದನಂತೆ.

ಶಿಕ್ಷಕಿಯೊಂದಿಗೂ ಮಾತನಾಡಿದೆ. ತರಗತಿಯಲ್ಲಿ ನಲವತ್ತು ಮಕ್ಕಳು, ಒಬ್ಬೊಬ್ಬರ ಅಜ್ಜಿಯ ಮಾತನ್ನು ವಿಚಾರಿಸುತ್ತಾ ಕೂರಲು ಸಮಯವೆಲ್ಲಿ ಎಂದರು. ಎಲ್ಲವನ್ನೂ 'ಮತ್ತು, ಮತ್ತು' ಎಂದು ಹೊಸೆಯುವ ಮಕ್ಕಳಿಗೆ ಆ ನಾಲ್ಕು ಪದ ಊರುಗೋಲು ಎಂದೂ ವಾದಿಸಿದರು. ಅದು ತಪ್ಪಲ್ಲ. ಗೋಡೆಯ ಪಟ್ಟಿಯನ್ನು ತೆಗೆಯಲು ಅವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. 'ಅಷ್ಟರಲ್ಲಿ', 'ಅದಕ್ಕೂ ಮುಂಚೆ' ಎಂಬ ಎರಡನ್ನು ಸೇರಿಸಲು ಒಪ್ಪಿದರು.

ಒಂದು ತಿಂಗಳ ಬಳಿಕ ಹುಡುಗ ಅದೇ ಬರಹವನ್ನು ಮತ್ತೆ ಬರೆದು ತಂದು ತೋರಿಸಿದ. ಒಂದೂವರೆ ಪುಟವಾಗಿತ್ತು. ಶುರುವಾಗುವುದು ಹೀಗೆ: "ನಾಯಿ ಬೊಗಳಿದ್ದು ನನಗೆ ಕೇಳಿತ್ತು. ಕನಸು ಎಂದುಕೊಂಡು ಮಗ್ಗುಲು ಬದಲಿಸಿದೆ. ಅಷ್ಟರಲ್ಲಿ ಉಣುಗೋಲಿನ ಹತ್ತಿರ ಆನೆ ನಿಂತಿತ್ತು. ಇದು ನನಗೆ ಬೆಳಿಗ್ಗೆ ಗೊತ್ತಾಯಿತು."

ಈ ಸಲ 10ಕ್ಕೆ 7. 'ಉಣುಗೋಲು' ಎಂಬ ಪದದ ಸುತ್ತ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ 'ಗೇಟು' ಎಂದು ಬರೆದಿತ್ತು.