ಜಯನಗರದಲ್ಲಿ 1974ರ ಹಳೇ ಮನೆ ಮಾರಾಟಕ್ಕಿದೆ. ಜಾಗ ತುಂಬಾ ಚೆನ್ನಾಗಿದೆ, ಮನೆ ಹಳತು. ಕೊಳ್ಳಬಹುದಾ?

ನೀವು ಕೊಟ್ಟಿರುವ ವಿವರ ಇಷ್ಟು: ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರ. 30×40 ಸೈಟು. 1974ರಲ್ಲಿ ಕಟ್ಟಿದ 8 ಚದರದ (800 ಚದರಡಿ) ನೆಲಮಹಡಿ ಮನೆ. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳು ಮಾರುತ್ತಿದ್ದಾರೆ, ಒಬ್ಬರು ಅಮೆರಿಕದಲ್ಲಿದ್ದಾರೆ. ಕೇಳುತ್ತಿರುವುದು 2.4 ಕೋಟಿ. ಕತ್ತಲೆ ಅಡುಗೆಮನೆ, ಹಳೇ ಬಾತ್‌ರೂಮು, ಗೋಡೆ ಮೇಲೆ ಮರದ ಪಟ್ಟಿಯಲ್ಲಿ ಓಡಿರುವ ವೈರು ನೋಡಿ ನಿಮ್ಮ ಮನೆಯವರಿಗೆ ಮನಸ್ಸು ಹಿಡಿಯಲಿಲ್ಲ.

ಕೊಳ್ಳಬಹುದು. ಆದರೆ ನಿಮ್ಮನ್ನು ಹೆದರಿಸಿರುವ ವಿಷಯಗಳು ಹೆದರಬೇಕಾದವಲ್ಲ. ಅಡುಗೆಮನೆ, ಬಾತ್‌ರೂಮು, ವೈರು, ಪೈಪು ಇವೆಲ್ಲ ದುಡ್ಡು ಹಾಕಿದರೆ ಮೂರ್ನಾಲ್ಕು ತಿಂಗಳಲ್ಲಿ ಹೊಸದಾಗುತ್ತವೆ. ಇವನ್ನು ಬೆಲೆಯಲ್ಲಿ ಕಳೆದರೆ ಮುಗಿಯಿತು. ಕೊಳ್ಳುವುದೋ ಬಿಡುವುದೋ ಎನ್ನುವುದನ್ನು ತೀರ್ಮಾನಿಸಬೇಕಾದದ್ದು ನಾಲ್ಕೇ ವಿಷಯ: ಹಕ್ಕುಪತ್ರ, ಸೈಟಿನ ಅಳತೆ, ರಸ್ತೆಗೂ ಮನೆಗೂ ಇರುವ ಮಟ್ಟದ ವ್ಯತ್ಯಾಸ, ತಾರಸಿ.

ಮೊದಲು ಪತ್ರಗಳು. ಜಯನಗರದ ಹಳೇ ಸೈಟುಗಳು ಬಹುಪಾಲು ಸಿಐಟಿಬಿ, ಅಂದರೆ ಹಳೇ ನಗರಾಭಿವೃದ್ಧಿ ಮಂಡಳಿಯ ಕಾಲದವು (ಅದರ ಜಾಗಕ್ಕೆ ಬಂದ ಬಿಡಿಎ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹುಟ್ಟಿದ್ದೇ 1976ರಲ್ಲಿ). ಹಂಚಿಕೆ ಪತ್ರ, ಲೀಸ್ ಕಮ್ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ), ಸ್ವಾಧೀನ ಪತ್ರ, ಕೊನೆಗೆ ಶುದ್ಧ ಕ್ರಯಪತ್ರ, ಈ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಜೆರಾಕ್ಸ್ ಸಾಲದು, ಮೂಲ ಪ್ರತಿಗಳನ್ನೇ ಕೇಳಿ. ಮೂಲ ಇಲ್ಲವೆಂದರೆ ಯಾವುದೋ ಬ್ಯಾಂಕಿನಲ್ಲೋ ಲೇವಾದೇವಿಯವರಲ್ಲೋ ಅಡವಿರುವ ಸಾಧ್ಯತೆ ಇದೆ.

ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅದು ಅವರ ಸ್ವಂತ ಸಂಪಾದನೆಯ ಸೈಟಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಆ ಹೊತ್ತಿಗೆ ಬದುಕಿದ್ದಿದ್ದರೆ ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಈ ತಾಯಿಯ ಪಾಲನ್ನು ಬಹಳ ಜನ ಮರೆಯುತ್ತಾರೆ. ಆಕೆ ಆಮೇಲೆ ತೀರಿಕೊಂಡಿದ್ದರೆ ಆಕೆಯ ಪಾಲು ಆಕೆಯ ಉಳಿದ ಮಕ್ಕಳಿಗೂ ಹಂಚಿಹೋಗುತ್ತದೆ, ಅಂದರೆ ಮಾರುವವರ ಸೋದರತ್ತೆ, ಚಿಕ್ಕಪ್ಪಂದಿರಿಗೂ. ವಂಶವೃಕ್ಷವನ್ನು ಸಾವಿನ ದಿನಾಂಕಗಳ ಜೊತೆಗೇ ಇಟ್ಟುಕೊಂಡು ನೋಡಿ. ಖಾತೆ ಹಿರಿಮಗನ ಹೆಸರಿಗೆ ಆಗಿದೆ ಎಂದ ಮಾತ್ರಕ್ಕೆ ಅವರೊಬ್ಬರೇ ಮಾಲೀಕರಲ್ಲ, ಖಾತೆ ಇರುವುದು ತೆರಿಗೆಗೆ. ಎಲ್ಲ ವಾರಸುದಾರರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಟ್ಟಿರಬೇಕು.

ಇ.ಸಿ.ಯನ್ನು (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಋಣಭಾರ ಪತ್ರ) ಬರೀ 15 ವರ್ಷಕ್ಕೆ ತೆಗೆಸಿ ಸುಮ್ಮನಾಗಬೇಡಿ. 2004ರ ಏಪ್ರಿಲಿನಿಂದ ಈಚಿನದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಂಚಿಕೆಯಾದ ವರ್ಷದವರೆಗೂ ತೆಗೆಸಿ. ಅಷ್ಟಾದರೂ ಇ.ಸಿ.ಯಲ್ಲಿ ನೋಂದಣಿಯಾಗದ ಕರಾರು, ಬಾಯಿಮಾತಿನ ವಿಭಾಗ, ಕೋರ್ಟಿನಲ್ಲಿರುವ ದಾವೆ ಕಾಣಿಸುವುದಿಲ್ಲ. ಅದಕ್ಕೇ ವಕೀಲರ ಕೈಲಿ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿಸುವುದು, ಮಾರುವವರ ಹೆಸರುಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹುಡುಕುವುದು. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ, ಹಾಗಾಗಿ ಅದನ್ನು ಮಾಡಿಸಿಕೊಡುವ ಹೊಣೆ ಮಾರುವವರದು ಎಂದು ಮೊದಲೇ ಮಾತಾಡಿಕೊಳ್ಳಿ. ಹಾಗೆಯೇ, ಮನೆಯಲ್ಲಿ ಬಾಡಿಗೆಯವರೋ ಭೋಗ್ಯದವರೋ ಇದ್ದರೆ ಅವರು ಖಾಲಿ ಮಾಡಿದ ಮೇಲೆಯೇ ನೋಂದಣಿ.

ಅಳತೆಗೆ 100 ಅಡಿಯ ಟೇಪು ಸಾಕು. ನಾಲ್ಕು ಬದಿ ಅಳೆಯಿರಿ, ಆಮೇಲೆ ಮೂಲೆಯಿಂದ ಮೂಲೆಗೆ. 30×40 ಸೈಟು ನೇರವಾಗಿದ್ದರೆ ಎರಡು ಕರ್ಣವೂ ಸರಿಯಾಗಿ 50 ಅಡಿ ಬರುತ್ತದೆ. ಮಧ್ಯೆ ಮನೆ ಇರುವುದರಿಂದ ಟೇಪು ನೇರ ಹೋಗುವುದಿಲ್ಲ, ತಾರಸಿ ಮೇಲಿನಿಂದ ತೂಗುಗುಂಡು ಬಿಟ್ಟು ಅಥವಾ ಸರ್ವೆಯವರ ಯಂತ್ರದಿಂದ ಅಳೆಯಬೇಕು. ಒಂದು 50 ಅಡಿ 6 ಇಂಚು, ಇನ್ನೊಂದು 49 ಅಡಿ 6 ಇಂಚು ಬಂದರೆ ಸೈಟು ಸೊಟ್ಟಗಿದೆ, ಇಲ್ಲವೇ ಪಕ್ಕದವರ ಕಾಂಪೌಂಡು ಒಳಗೆ ಬಂದಿದೆ. ಅರ್ಧ ಅಡಿ ತಾನೇ ಎನ್ನಬೇಡಿ. 40 ಅಡಿ ಉದ್ದಕ್ಕೆ ಅರ್ಧ ಅಡಿ ಎಂದರೆ 20 ಚದರಡಿ, ನಿಮ್ಮ ದರದಲ್ಲಿ (ಚದರಡಿಗೆ 20 ಸಾವಿರ) 4 ಲಕ್ಷ ರೂಪಾಯಿ.

ಮುಂದಿನದು ಮಟ್ಟ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಮೇಲೆ ಬಂದಿದೆ, ಮನೆ ಇದ್ದಲ್ಲೇ ಇದೆ. ಕಟ್ಟಿದಾಗ ಗೇಟಿನಿಂದ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿಯಬೇಕು. ಮೇಸ್ತ್ರಿಯ ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿಸಿ ರಸ್ತೆಯ ನಡುಮಧ್ಯೆ ಒಂದು ತುದಿ, ಹಾಲಿನ ನೆಲಕ್ಕೆ ಇನ್ನೊಂದು ತುದಿ ಹಿಡಿದು ನೋಡಿ. ನೆಲ ರಸ್ತೆಗಿಂತ ಒಂದೂವರೆ ಅಡಿಯಾದರೂ ಮೇಲಿದ್ದರೆ ನೆಮ್ಮದಿ. ಸಮ ಇದ್ದರೆ ಯೋಚಿಸಿ. ಕೆಳಗಿದ್ದರೆ ಆ ಮನೆಯನ್ನು ಉಳಿಸಿಕೊಳ್ಳುವ ಯೋಚನೆ ಬಿಡಿ, ಕೆಡವುವ ಲೆಕ್ಕದಲ್ಲಿ ಮಾತ್ರ ಬೆಲೆ ಮಾತಾಡಿ. ಮಳೆನೀರನ್ನು ಗೇಟಿನಲ್ಲಿ ಕಟ್ಟೆ ಕಟ್ಟಿ ತಡೆಯಬಹುದು, ಆದರೆ ರಸ್ತೆಯ ಒಳಚರಂಡಿ ತುಂಬಿದಾಗ ನೀರು ನಿಮ್ಮ ಬಾತ್‌ರೂಮಿನ ಜಾಲರಿಯಿಂದ ಮೇಲೆ ಬರುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವು ಹಾಕಿಸಿದರೆ ಹೊರಗಿನ ನೀರು ನಿಲ್ಲುತ್ತದೆ, ಆದರೆ ಆ ಹೊತ್ತು ನಿಮ್ಮ ಮನೆಯ ನೀರೂ ಹೊರಹೋಗುವುದಿಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು ಮಳೆ. ಆಗ ಒಂದು ಸಂಜೆ ಹೋಗಿ ಆ ಬೀದಿಯಲ್ಲಿ ನಿಲ್ಲಿ.

ಇನ್ನು ತಾರಸಿ. 1970ರ ದಶಕದ ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು) ಎಂದರೆ ಸಾಮಾನ್ಯವಾಗಿ 4 ಇಂಚಿನ ದಪ್ಪ, ಗೆರೆಯಿಲ್ಲದ ನುಣುಪು ಕಬ್ಬಿಣ, ಅದರ ಕೆಳಗೆ ಅರ್ಧ ಇಂಚೋ ಮುಕ್ಕಾಲು ಇಂಚೋ ಕಾಂಕ್ರೀಟು. ಹೊಸ ಕಾಂಕ್ರೀಟು ಕ್ಷಾರೀಯ, ಆ ಕ್ಷಾರವೇ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುವುದು. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಾನುವರ್ಷ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ತಿನ್ನುತ್ತದೆ. ಐವತ್ತು ವರ್ಷಕ್ಕೆ ಅದು ಕಂಬಿಯ ತನಕ ಬಂದಿರುವ ಸಂಭವ ಹೆಚ್ಚು. ಆಮೇಲೆ ತೇವ ಸಿಕ್ಕರೆ ಸಾಕು, ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಹಪ್ಪಳದಂತೆ ಎಬ್ಬಿಸುತ್ತದೆ.

ಇದು ಮೊದಲು ಕಾಣಿಸುವುದು ಎರಡು ಕಡೆ: ಬಾತ್‌ರೂಮಿನ ಛಾವಣಿಯಲ್ಲಿ, ಕಿಟಕಿಯ ಸಜ್ಜಾದ ಕೆಳಗೆ. ಅರ್ಧ ಕಿಲೋ ಸುತ್ತಿಗೆಯಿಂದ ಒಂದೊಂದು ಅಡಿಗೆ ಒಮ್ಮೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟಿರುವ ಕಡೆ ಡಬ್ ಎನ್ನುತ್ತದೆ. ಡಬ್ ಎಂದ ಕಡೆಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಜೊತೆಗೆ ಎಂಜಿನಿಯರ್ ಇದ್ದರೆ ಒಂದು ಸಣ್ಣ ಚೂರು ಕೆತ್ತಿಸಿ, ಹಸಿ ಮುರಿತದ ಮೇಲೆ ಫಿನಾಫ್ತಲೀನ್ ದ್ರಾವಣ ಸಿಂಪಡಿಸಲು ಹೇಳಿ. ಕ್ಷಾರ ಉಳಿದಿರುವ ಕಡೆ ಕಡುಗುಲಾಬಿಗೆ ತಿರುಗುತ್ತದೆ, ಹೋಗಿರುವ ಕಡೆ ಬಣ್ಣವೇ ಬರುವುದಿಲ್ಲ. ಕಂಬಿಯ ಸುತ್ತ ಗುಲಾಬಿ ಬಂದರೆ ಆ ತಾರಸಿಗೆ ಇನ್ನೂ ಆಯುಷ್ಯವಿದೆ. ಸೀಮೆಸುಣ್ಣದ ಸುತ್ತುಗಳು ಒಟ್ಟು ಛಾವಣಿಯ ಕಾಲುಭಾಗ ದಾಟಿದರೆ ರಿಪೇರಿಗೆ ಕೈಹಾಕಬೇಡಿ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಕಡಿಮೆ ಇದ್ದರೆ ಸಡಿಲ ಕಾಂಕ್ರೀಟೆಲ್ಲ ಒಡೆದು, ಕಂಬಿಯ ಹಿಂಬದಿಯವರೆಗೂ ಬಿಡಿಸಿ, ತುಕ್ಕು ಉಜ್ಜಿ ತೆಗೆದು, ಸವೆದಿರುವ ಕಡೆ ಹೊಸ ಕಂಬಿ ಕಟ್ಟಿ, ಪಾಲಿಮರ್ ಗಾರೆ ತುಂಬಬೇಕು. ತುಕ್ಕು ತೆಗೆಯದೆ ಮೇಲೆ ಸಿಮೆಂಟು ಸವರಿದರೆ ಕೆಲವೇ ವರ್ಷದಲ್ಲಿ ಅದೇ ಜಾಗದಿಂದ ಉದುರುತ್ತದೆ. ಛಾವಣಿಯ ಒಂದೇ ಕಡೆ ಹೊಸ ಬಣ್ಣ ಕಂಡರೆ ಸುತ್ತಿಗೆಯನ್ನು ಮೊದಲು ಅಲ್ಲಿಗೇ ಒಯ್ಯಿರಿ.

ತಾರಸಿಯ ಮೇಲೂ ಹತ್ತಿ. ಸೋರಿದಾಗಲೆಲ್ಲ ಒಂದೊಂದು ಪದರ ಸಿಮೆಂಟು ಎಳೆದಿರುತ್ತಾರೆ. 8 ಚದರಕ್ಕೆ ಒಂದು ಇಂಚು ಹೆಚ್ಚುವರಿ ಸಿಮೆಂಟೆಂದರೆ ಸುಮಾರು 4 ಟನ್ ಭಾರ. ಪ್ಯಾರಪೆಟ್ಟಿನ ಎತ್ತರ ಒಂದು ಕಡೆ ಕುಗ್ಗಿದಂತೆ ಕಂಡರೆ ಅಲ್ಲಿ ಪದರಗಳು ಕೂತಿವೆ ಎಂದರ್ಥ.

ಬಿರುಕುಗಳಲ್ಲಿ ಎಲ್ಲವೂ ಅಪಾಯವಲ್ಲ. ಗೋಡೆ, ತಾರಸಿ ಸೇರುವಲ್ಲಿ ಅಡ್ಡಕ್ಕೆ ಇರುವ ಕೂದಲೆಳೆ ಬಿರುಕು ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಆದದ್ದು. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಇಳಿದಿದ್ದರೆ ಪಾಯ ಕುಸಿದಿರಬಹುದು. ಅಲ್ಲಿ ಮೂಲೆಯಲ್ಲಿ 3 ಅಡಿ ಚೌಕ ಅಗೆಸಿ ಸೈಜುಗಲ್ಲಿನ ಪಾಯ ಎಷ್ಟು ಅಗಲ, ಎಷ್ಟು ಆಳ ಇದೆ ನೋಡಿಸಿ. ಮುಂದೆ ಮಹಡಿ ಎಬ್ಬಿಸುವ ಆಸೆ ಇದ್ದರೂ ಈ ಗುಂಡಿ ಬೇಕೇ ಬೇಕು. ಇಂಥ ಮನೆಗಳಲ್ಲಿ ಕಂಬ, ಬೀಮು ಇರುವುದಿಲ್ಲ, 9 ಇಂಚಿನ ಗೋಡೆಯೇ ಭಾರ ಹೊರುವುದು. ಹಾಲು, ಅಡುಗೆಮನೆ ಒಂದು ಮಾಡೋಣ ಎಂದು ಮಧ್ಯದ ಗೋಡೆ ಒಡೆಸಿದರೆ ತಾರಸಿ ಕೂರುತ್ತದೆ. ಜಾಕ್ ಕೊಟ್ಟು ಕಬ್ಬಿಣದ ಬೀಮು ಕೂರಿಸಿದ ಮೇಲೆಯೇ ಒಡೆಯಬೇಕು.

ವೈರು, ಪೈಪಿನ ವಿಷಯ ಸಣ್ಣದು. ಎಲ್ಲವನ್ನೂ ಕಿತ್ತು ಹೊಸದು ಹಾಕುವ ಲೆಕ್ಕ ಇಟ್ಟುಕೊಳ್ಳಿ, ಅರ್ಧಂಬರ್ಧ ಬೇಡ. ಪವರ್ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಹೊಸ ಅರ್ತ್ ಗುಂಡಿ, ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗಿನಿಂದ ತುಕ್ಕು ಕಟ್ಟಿ ಅರ್ಧ ಮುಚ್ಚಿರುತ್ತದೆ, ಬದಲಿಗೆ ಸಿಪಿವಿಸಿ ಎನ್ನುವ ಪ್ಲಾಸ್ಟಿಕ್ ಪೈಪು. ನೆಲದ ಮೊಸಾಯಿಕ್ ಮಾತ್ರ ಕೀಳಿಸಬೇಡಿ. ಮೆಷಿನ್ ಪಾಲಿಶ್ ಮಾಡಿಸಿದರೆ ಈಗಿನ ಟೈಲ್ಸಿಗಿಂತ ಚೆನ್ನಾಗಿ ಬರುತ್ತದೆ, ತಂಪೂ ಹೌದು.

ದುಡ್ಡಿನ ಲೆಕ್ಕದಲ್ಲಿ ಜನ ಎಡವುವುದು ಇಲ್ಲಿ. 75 ಲಕ್ಷ ದಾಟಿದ ಗೃಹಸಾಲಕ್ಕೆ ಬ್ಯಾಂಕು ಮೌಲ್ಯದ ಶೇಕಡಾ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. 2.4 ಕೋಟಿಗೆ ಗರಿಷ್ಠ 1.8 ಕೋಟಿ, ಉಳಿದ 60 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ, ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇಕಡಾ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಶೇಕಡಾ 7.6, ಅಂದರೆ 18.24 ಲಕ್ಷ. ಇದೂ ಕೈಯಿಂದಲೇ. ರಿಪೇರಿ ಇದರ ಮೇಲೆ. ಕಟ್ಟಡ ಹಳತೆಂದು ಬ್ಯಾಂಕಿನ ಎಂಜಿನಿಯರ್ ಮೌಲ್ಯ ಇಳಿಸಿದರೆ ಸಾಲ ಇನ್ನೂ ತಗ್ಗುತ್ತದೆ, ಅವಧಿಯೂ ಮೊಟಕಾಗಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಬ್ಯಾಂಕಿನ ಮೌಲ್ಯಮಾಪನ ಮಾಡಿಸಿ. ಅಮೆರಿಕದಲ್ಲಿರುವವರ ಪಾಲಿಗೆ ಸಾಮಾನ್ಯ ಶೇಕಡಾ 1ರ ಟಿಡಿಎಸ್ (ಕೊಳ್ಳುವವರೇ ಬೆಲೆಯಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ನಡೆಯುವುದಿಲ್ಲ, ಅನಿವಾಸಿಗಳ ದರ ಬಹಳ ಹೆಚ್ಚು. ಹಿಡಿಯದಿದ್ದರೆ ಇಲಾಖೆ ಬರುವುದು ನಿಮ್ಮ ಬಾಗಿಲಿಗೆ, ಅವರ ಬಾಗಿಲಿಗಲ್ಲ.

ಕೊನೆಯದಾಗಿ, ಇಟ್ಟುಕೊಳ್ಳುವುದೋ ಕೆಡವುವುದೋ ಈಗಲೇ ನಿರ್ಧರಿಸಿ. ಹೊಸದಾಗಿ ಕಟ್ಟಲು ಚದರಕ್ಕೆ 2 ಲಕ್ಷಕ್ಕೆ ಕಮ್ಮಿ ಇಲ್ಲ, 16 ಚದರದ ಎರಡಂತಸ್ತಿಗೆ 32 ಲಕ್ಷದಿಂದ ಮೇಲೆಯೇ. ಕೆಡವಿದ ಮೇಲೆ ಅನ್ವಯಿಸುವುದು ಈಗಿನ ಸೆಟ್‌ಬ್ಯಾಕು (ಸೈಟಿನ ಅಂಚಿನಿಂದ ಖಾಲಿ ಬಿಡಬೇಕಾದ ಜಾಗ), ಪಾರ್ಕಿಂಗ್ ನಿಯಮಗಳು, ಮನೆ ಈಗ ಎಲ್ಲಿಯವರೆಗೆ ನಿಂತಿದೆಯೋ ಅಲ್ಲಿಯವರೆಗೂ ಮತ್ತೆ ಕಟ್ಟಲಾಗದೆ ಇರಬಹುದು. ಆರ್ಕಿಟೆಕ್ಟರ ಹತ್ತಿರ ಒಂದು ಕಚ್ಚಾ ನಕ್ಷೆ ಬರೆಸಿ ನೋಡಿ. 15 ಲಕ್ಷ ಸುರಿದು ರಿಪೇರಿ ಮಾಡಿಸಿ ಐದು ವರ್ಷಕ್ಕೆ ಕೆಡವುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ತಾರಸಿ ಗಟ್ಟಿ ಇದ್ದು ಮಟ್ಟ ಸರಿ ಇದ್ದರೆ ರಿಪೇರಿ ಮಾಡಿಸಿ ಹದಿನೈದಿಪ್ಪತ್ತು ವರ್ಷ ಇರಿ. ಎರಡರಲ್ಲಿ ಒಂದು ಕೆಟ್ಟಿದ್ದರೂ ಬರೀ ಸೈಟಿನ ಬೆಲೆಗೆ ಕೇಳಿ, ಕೆಡವುವ ಖರ್ಚನ್ನೂ ಅದರಲ್ಲಿ ಕಳೆಯಿರಿ. ಹಳೇ ತೇಗದ ಬಾಗಿಲು, ಕಿಟಕಿಗಳನ್ನು ಮಾತ್ರ ಕೆಡವುವ ಗುತ್ತಿಗೆದಾರನಿಗೆ ಬಿಟ್ಟುಕೊಡಬೇಡಿ, ಹೊಸ ಮನೆಗೆ ಇಟ್ಟುಕೊಳ್ಳಿ.