ಸೋಡಿಯಂ ಬ್ಯಾಟರಿಗೆ ಕಾಯಬೇಕಾ?
ಯುಪಿಎಸ್‌ನ ಹಳೇ ಟ್ಯೂಬುಲರ್ ಬ್ಯಾಟರಿ ಹೋಗಿದೆ, ಈಗಲೇ ಲಿಥಿಯಂ ಹಾಕಿಸಲಾ, ಸೋಡಿಯಂ ಬರೋವರೆಗೆ ಕಾಯಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಕಾಯೋದು ಬೇಡ.

ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲೇ ಕೆಜಿಗೆ 160 ವ್ಯಾಟ್-ಅವರ್ ವಿದ್ಯುತ್ ಹಿಡಿಯೋ ಸೋಡಿಯಂ ಸೆಲ್ ತೋರಿಸಿತ್ತು. ಆದರೆ 2022ರ ನಂತರ ಲಿಥಿಯಂ ಬ್ಯಾಟರಿಯ ಕಚ್ಚಾವಸ್ತು ಲಿಥಿಯಂ ಕಾರ್ಬೊನೇಟ್ ಬೆಲೆ ನೆಲಕಚ್ಚಿ, ಸೋಡಿಯಂ ಅಗ್ಗ ಅನ್ನೋ ವಾದವೇ ಸೊರಗಿತು. ಕೊರೆಯೋ ಚಳಿಯಲ್ಲೂ ಕೆಲಸ ಮಾಡೋದು ಸೋಡಿಯಂನ ದೊಡ್ಡ ಗುಣ. ನಮ್ಮೂರಲ್ಲಿ ಅದರಿಂದ ಏನಾಗಬೇಕು ಹೇಳಿ! ಮೇಲಾಗಿ ಖಾಲಿಯಾಗ್ತಾ ಹೋದ ಹಾಗೆ ಅದರ ವೋಲ್ಟೇಜ್ ಬಹಳ ಇಳಿಯುತ್ತೆ. ಟ್ಯೂಬುಲರ್‌ನಂಥ ಲೆಡ್-ಆಸಿಡ್ ಬ್ಯಾಟರಿಗೆ ಅಂತ ಮಾಡಿದ ಇನ್ವರ್ಟರ್ ಚಾರ್ಜ್ ಉಳಿದಿರುವಾಗಲೇ ಕಟ್ ಆಗಬಹುದು.

ಸೀದಾ ಲಿಥಿಯಂ ಐರನ್ ಫಾಸ್ಫೇಟ್ ಅನ್ನೋ ಬಗೆಯ ಲಿಥಿಯಂ ಬ್ಯಾಟರಿ ತಗೊಳ್ಳಿ. ಸಾವಿರಾರು ಸಲ ಚಾರ್ಜ್ ಮಾಡಬಹುದು, ಡಿಸ್ಟಿಲ್ಡ್ ವಾಟರ್ ರಗಳೆ ಇಲ್ಲ. ಮುಂಚೆ ಇನ್ವರ್ಟರ್‌ನಲ್ಲಿ ಲಿಥಿಯಂ ಮೋಡ್ ಇದೆಯಾ ನೋಡಿ, 12.8 ವೋಲ್ಟ್ ಪ್ಯಾಕ್‌ಗೆ ಚಾರ್ಜಿಂಗ್ 14.6 ವೋಲ್ಟ್ ದಾಟಬಾರದು.