ಪಾಯಿಂಟನ್ನೂ ನಕ್ಷತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಪ್ರಶ್ನೆ: ಜಪಾನಿನ ವೆಬ್ ಕಾದಂಬರಿ ತಾಣಗಳಾದ ‘ಶೋಸೆತ್ಸುಕಾ ನಿ ನಾರೋ’ ಮತ್ತು ‘ಕಾಕುಯೋಮು’ಗಳಿಂದ ತಲಾ ನೂರು ಜನಪ್ರಿಯ ಕೃತಿಗಳ ಅಂಕಿಅಂಶ ಸಂಗ್ರಹಿಸಿದ್ದೇನೆ. ನಾರೋದ ಪಾಯಿಂಟು ಕಾಕುಯೋಮುವಿನ ನಕ್ಷತ್ರಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿದೆ. ಓದುಗರೂ ಅಷ್ಟೇ ಪಟ್ಟು ಹೆಚ್ಚೆಂದು ಬರೆಯಬಹುದೇ?
— ಓದುಗರು, ಮೈಸೂರು

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಇವೆರಡೂ ಬೇರೆ ಬೇರೆ ಅಳತೆ. ನಾರೋದಲ್ಲಿ ಒಂದು ಬುಕ್‌ಮಾರ್ಕಿಗೆ 2 ಪಾಯಿಂಟು. ಓದುಗ ಪೂರ್ತಿ 5 ನಕ್ಷತ್ರ ಕೊಟ್ಟರೆ 10. ಕಾಕುಯೋಮುವಿನಲ್ಲಿ ಒಬ್ಬರು ಕೊಡಬಹುದಾದದ್ದು ಹೆಚ್ಚೆಂದರೆ 3 ನಕ್ಷತ್ರ, ಅನುಸರಿಸುವವರ ಲೆಕ್ಕ ಅದರೊಳಗೆ ಸೇರುವುದೇ ಇಲ್ಲ.

ನಾರೋದೊಳಗೇ ಲೆಕ್ಕ ಹಾಕಿ ನೋಡಿ. 1,000 ಬುಕ್‌ಮಾರ್ಕು, 100 ಜನರಿಂದ ತಲಾ 10: ಒಟ್ಟು 3,000. ಇನ್ನೊಂದಕ್ಕೆ 300 ಬುಕ್‌ಮಾರ್ಕು, 240 ಜನರಿಂದ ತಲಾ 10: ಅದೂ 3,000. ಮೊದಲನೆಯದನ್ನು ಮುಂದೆ ಓದೋಣವೆಂದು ಎತ್ತಿಟ್ಟುಕೊಂಡವರೇ ಹೆಚ್ಚು. ಎರಡನೆಯದಕ್ಕೆ ಮನಸಾರೆ ಅಂಕ ಕೊಟ್ಟವರು ಹೆಚ್ಚು. ಒಟ್ಟು ಪಾಯಿಂಟು ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಆದ್ದರಿಂದ ಬುಕ್‌ಮಾರ್ಕನ್ನು ಕಾಕುಯೋಮುವಿನ ಅನುಸರಿಸುವವರ ಸಂಖ್ಯೆಯ ಎದುರು, ಅಂಕ ಕೊಟ್ಟವರ ತಲೆಎಣಿಕೆಯನ್ನು ಅಲ್ಲಿನ ತಲೆಎಣಿಕೆಯ ಎದುರು ಇಡಿ. ಆಮೇಲೂ ನೇರ ಸಂಖ್ಯೆ ಹೋಲಿಸದೆ, ಕೃತಿ ತನ್ನ ತಾಣದಲ್ಲಿ ನೂರರಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ಹೋಲಿಸಿ. ಸರಾಸರಿಯ ಬದಲು ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಬಳಸಿ. ಬೆರಳೆಣಿಕೆಯ ಭಾರೀ ಕೃತಿಗಳು ಸರಾಸರಿಯನ್ನು ಎಲ್ಲಿಗೋ ಎಳೆದೊಯ್ಯುತ್ತವೆ.

ವಯಸ್ಸನ್ನೂ ಮರೆಯಬೇಡಿ. ನಾರೋ 2004ರದು, ಕಾಕುಯೋಮು ತೆರೆದದ್ದು 2016ರ ಫೆಬ್ರವರಿ 29ರಂದು. ಒಂದೇ ತಿಂಗಳಲ್ಲಿ ಶುರುವಾದ ಕೃತಿಗಳನ್ನಷ್ಟೇ ಎದುರುಬದುರು ನಿಲ್ಲಿಸಿ. ಪ್ರಕಾರಗಳೂ ಸರಿಹೊಂದುವುದಿಲ್ಲ: ನಾರೋದಲ್ಲಿ ‘ಅನ್ಯಲೋಕದ ಪ್ರೇಮ’ ಪ್ರತ್ಯೇಕ ಪ್ರಕಾರ (ಸಂಕೇತ 101), ಕಾಕುಯೋಮುವಿನಲ್ಲಿ ಅಂಥ ಕಥೆಗಳು ಪ್ರೇಮ ಮತ್ತು ಅನ್ಯಲೋಕದ ಫ್ಯಾಂಟಸಿ ಎರಡರಲ್ಲೂ ಹಂಚಿಹೋಗುತ್ತವೆ. ಉದ್ದಕ್ಕೆ ಮಾತ್ರ ಈ ತೊಡಕಿಲ್ಲ, ಎರಡೂ ಕಡೆ ಅಕ್ಷರಗಳ ಲೆಕ್ಕವೇ. ಪದಗಳ ಲೆಕ್ಕ ಬೇಕೆಂದರೆ ಕಷ್ಟ. ಜಪಾನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಮೆಕಾಬ್‌ನಂಥ ತಂತ್ರಾಂಶದಿಂದ ಮೊದಲು ಬಿಡಿಸಬೇಕು.

ಇನ್ನೊಂದು ಮಾತು, ಜನಪ್ರಿಯ ನೂರು ಗೆದ್ದವರ ಪಟ್ಟಿ ಮಾತ್ರ. ತಾಣದ ಬಗ್ಗೆ ಮಾತಾಡಬೇಕಾದರೆ ಹೊಸದಾಗಿ ಪ್ರಕಟವಾದವುಗಳ ಪಟ್ಟಿಯಿಂದ ಹತ್ತಕ್ಕೊಂದರಂತೆ ಆರಿಸಿ.

ಪ್ರಶ್ನೆ: ನಾರೋದ ಎಪಿಐನಿಂದ (ತಾಣದ ಮಾಹಿತಿಯನ್ನು ಪ್ರೋಗ್ರಾಂ ಮೂಲಕ ಪಡೆಯುವ ದಾರಿ) ಎರಡೂವರೆ ಸಾವಿರದಷ್ಟು ಕೃತಿಗಳು ಬಂದು ನಿಂತುಬಿಡುತ್ತವೆ. ದಿನಾಂಕಗಳೂ ತಪ್ಪುತ್ತಿವೆ.
— ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಸಲಕ್ಕೆ ಹೆಚ್ಚೆಂದರೆ 500 ಕೃತಿ, ಶುರುವಿನ ಸ್ಥಾನ ಹೆಚ್ಚೆಂದರೆ 2,000, ಅಲ್ಲಿಂದಾಚೆಗೆ ಬಾಗಿಲು ಮುಚ್ಚುತ್ತದೆ. ಹುಡುಕಾಟವನ್ನು ಕಥೆಯ ಪ್ರಕಾರಕ್ಕೂ ಉದ್ದಕ್ಕೂ ತಕ್ಕಂತೆ ತುಂಡು ಮಾಡಿ: ಪ್ರಕಾರದ ಸಂಕೇತ 201, ಒಂದು ಸಾವಿರದಿಂದ ಐದು ಸಾವಿರ ಅಕ್ಷರ, ಹೀಗೆ. ಎಪಿಐ ಕಳಿಸುವ ಜೇಸನ್ (ಮಾಹಿತಿಯನ್ನು ಪಟ್ಟಿಯಾಗಿ ಬರೆಯುವ ಒಂದು ರೂಪ) ಉತ್ತರದ ಮೊದಲ ಅಂಶ ಕೃತಿಯಲ್ಲ, ಒಟ್ಟು ಸಂಖ್ಯೆ (‘ಆಲ್‌ಕೌಂಟ್’). ಅದು ಎರಡೂವರೆ ಸಾವಿರದ ಹತ್ತಿರ ಬಂದರೆ ತುಂಡನ್ನು ಇನ್ನೂ ಚಿಕ್ಕದು ಮಾಡಿ. ಕೋಷ್ಟಕಕ್ಕೆ ಹಾಕುವ ಮುನ್ನ ಆ ಅಂಶವನ್ನು ತೆಗೆದುಹಾಕಿ. ಪುಟ ತಿರುವುವಷ್ಟರಲ್ಲಿ ಕ್ರಮ ಬದಲಾಗಿ ಒಂದೇ ಕೃತಿ ಎರಡು ಸಲ ಬರಬಹುದು. ಪ್ರತಿ ಕೃತಿಗೂ ಇರುವ ಎನ್‌ಕೋಡ್ (ನಾರೋ ಕೊಡುವ ಗುರುತುಸಂಕೇತ) ನೋಡಿ ಎರಡನೆಯದನ್ನು ಕೈಬಿಡಿ.

ದಿನಾಂಕ ತಪ್ಪುವುದು ಗಡಿಯಾರದಿಂದ. ಅಲ್ಲಿನ ಸಮಯ ಜಪಾನಿನದು, ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ರಾತ್ರಿ 8:30ಕ್ಕೇ ಅಲ್ಲಿ ದಿನ ಬದಲಾಗುತ್ತದೆ. ಸಮಯವಲಯ ನಮೂದಿಸದೆ ಓದಿಸಿದರೆ ಕಂಪ್ಯೂಟರು ಅದನ್ನು ಭಾರತದ ಸಮಯವೆಂದೇ ತಿಳಿಯುತ್ತದೆ. ‘ಏಷ್ಯಾ/ಟೋಕಿಯೋ’ ಎಂದು ಕೊಟ್ಟರೆ ಸರಿಹೋಗುತ್ತದೆ.